ಮಡಿವಾಳಪ್ಪನವರ ಕೂಗು

ಭಾರ ಎತ್ತಿದರೆ ಮನಸ್ಸಿನ ಮಾತು ತಾನಾಗಿ ಬಾಯಿಂದ ಹೊರಬೀಳುವುದು ಆಗ ಎಲ್ಲರಿಗೂ ರೂಢಿಯಾಗಿತ್ತು. ಹುಬ್ಬಳ್ಳಿಯ ಒಂದು ಜಿಮ್ಮಿನಲ್ಲಿ ಒಬ್ಬರು ತಮ್ಮ ಆಫೀಸಿನ ಸಾಹೇಬರನ್ನು ಬೈದರೆ, ಇನ್ನೊಬ್ಬರು ಮಿರ್ಚಿ ಭಜಿ ನೆನೆಯುತ್ತಿದ್ದರು. ಅಲ್ಲಿಗೆ ಬರುತ್ತಿದ್ದ ಶೈಲಜಾಳ ಪಕ್ಕದಲ್ಲಿ ಬಾರ್ಬೆಲ್ ಎತ್ತುವ ಮಡಿವಾಳಪ್ಪನವರು ಮಾತ್ರ ದಿನವೂ ಒಂದೇ ಕೂಗು ಹಾಕುತ್ತಿದ್ದರು: "ಕೈ ಬಿಡಬ್ಯಾಡ, ಪುಟ್ಟವ್ವಾ!"

ಕೊನೆಗೊಮ್ಮೆ ಅವಳು ತಡೆಯಲಾರದೆ ಹೇಳಿದಳು. "ಕಾಕಾ, ಸ್ವಲ್ಪ ಹಗೂರದ್ದು ಎತ್ರೀ. ನಿಮ್ಮ ಕೂಗಿಗೆ ನನಗ ಎಣಿಕಿ ತಪ್ಪತೈತಿ."

"ಹಗೂರದ್ದು ಎತ್ತಿ ಏನ್ ಮಾಡ್ಲೆವ್ವಾ? ಹೊಳಿಯಾಗಿಂದ ನನ್ನ ಮಗಳು ಪುಟ್ಟವ್ವನ್ನ ಎಳಕೊಳ್ಳಾಕ ಅವತ್ತು ಈ ತೋಳಾಗ ಕಸುವು ಸಾಲಲಿಲ್ಲ."

ಅವರು ಮತ್ತೆ ಎತ್ತಿ ಅದೇ ಕೂಗು ಹಾಕಿದರು. ಬಾರ್ಬೆಲ್ ಒಂದು ಬದಿಗೆ ವಾಲಿತು. ಶೈಲಜಾ ತಟ್ಟನೆ ಬಂದು ಬಾರ್ಬೆಲ್ಲಿನ ಒಂದು ತುದಿಗೆ ಕೈಕೊಟ್ಟಳು. ಭಾರಕ್ಕೆ ಅವಳ ಬಾಯಿಂದಲೂ ಮಾತು ಹೊರಬಿತ್ತು:

"ಬಿಟ್ಟಿಲ್ರೀ ಕಾಕಾ, ಹಿಡದೀನಿ."