ಅಡುಗೆಮನೆಯ ನಲ್ಲಿ

ವರ್ಲಿನ್ ಮನೆಯಿಂದ ತಂದ ಸೀಸೆ ಎತ್ತಿ, ಚರ್ಚಿನ ಸಭಾಂಗಣದಲ್ಲಿ ಕೂತ ಅಷ್ಟೂ ಜನರ ಎದುರೇ ಗಟಗಟನೆ ಕುಡಿದ.

"ನಮ್ಮನೆ ನಲ್ಲಿ ನೀರು. ಮೂವತ್ತೊಂದು ವರ್ಷ ಆ ಸ್ಥಾವರದ ಬೂದಿ ಎತ್ತಿದೀನಿ. ಸತ್ತಿದೀನಾ?"

"ನೀನೆಲ್ಲಿ ಸಾಯ್ತೀಯ ಮಾರಾಯ," ಎಂದಳು ಪಕ್ಕದ ಮನೆಯ ಒಪಲ್. "ನಮ್ಮನ್ನೆಲ್ಲ ಕಳಿಸಿಕೊಟ್ಟು ಆಮೇಲೆ ಹೋಗೋನು."

ಅವಳ ಬಾವಿಯಲ್ಲಿ ವಿಷ ಕಂಡು ವರ್ಷವಾಗಿತ್ತು. ಮಗಳು ತುಂಬು ಬಸುರಿ.

ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಮುಚ್ಚಿ ನಾಲ್ಕು ವರ್ಷ. ಅದರ ಬೂದಿಕೆರೆ ಮಾತ್ರ ಒಹಾಯೊ ನದಿಯ ದಂಡೆಯಲ್ಲಿ ಹಾಗೇ ಬಿದ್ದಿತ್ತು. ಬೂದಿಯ ವಿಷ ನೆಲಕ್ಕಿಳಿಯುತ್ತಿದೆ, ಅಗೆದು ದೂರ ಸಾಗಿಸಿ ಎಂದು ಊರವರು; ಮೇಲೆ ಮಣ್ಣು ಸುರಿದು ಹುಲ್ಲು ಬೆಳೆಸಿದರೆ ಸಾಲದೇ ಎಂದು ಕಂಪನಿ. ಸರ್ಕಾರದ ನಿಯಮದಂತೆ ಕೆರೆಗೆ ಎಲ್ಲಕ್ಕಿಂತ ಹತ್ತಿರದ ಬಾವಿ ಕೆಟ್ಟಿದ್ದರೆ ಅಗೆಯಬೇಕು, ಇಲ್ಲದಿದ್ದರೆ ಇಲ್ಲ. ಆ ಬಾವಿ ವರ್ಲಿನ್‌ನದು.

"ನಾಲ್ಕು ಸಲ ಪರೀಕ್ಷೆ ಮಾಡಿದೀವಿ. ನಾಲ್ಕು ಸಲವೂ ಶುದ್ಧ," ಎಂದ ಸರ್ಕಾರದ ಅಧಿಕಾರಿ. ಒಪಲ್‌ಳ ಬಾವಿಗೆ ಹಳೆಯ ಸೇಬಿನ ತೋಟದ ಔಷಧಿ ಇಳಿದಿರಬೇಕು ಎಂದೂ ಸೇರಿಸಿದ. ಮಣ್ಣು ಮುಚ್ಚುವ ಆದೇಶಕ್ಕೆ ಸಹಿ ಬಿತ್ತು. ಒಪಲ್ ಯಾರ ಮುಖವನ್ನೂ ನೋಡದೆ ಎದ್ದು ಹೋದಳು.

ವರ್ಲಿನ್ ಕಾಗದದ ಪ್ರತಿಯನ್ನು ಜೇಬಿಗಿಳಿಸಿ ಮನೆಗೆ ಹೊರಟ. ಇದನ್ನು ತೋರಿಸಬೇಕಾದದ್ದು ಹೆಂಡತಿ ನೋರೀನ್‌ಗೆ. ಕಂಪನಿ ಊರವರಿಗೆ ಕೊಡುತ್ತಿದ್ದ ಡಬ್ಬಿ ನೀರು ತರಿಸೋಣ ಎಂದು ಒಂದು ಕಾಲಕ್ಕೆ ಅವಳು ಪ್ರಾಣ ತಿಂದಿದ್ದಳು. ಆ ಡಬ್ಬಿ ಒಳಗೆ ಬಂದರೆ ನಾನು ಹೊರಗೆ ಎಂದಿದ್ದ ಇವನು. ಅಲ್ಲಿಗೆ ಅವಳು ಬಾಯಿ ಮುಚ್ಚಿದ್ದಳು. ಪರೀಕ್ಷೆಯ ಸುದ್ದಿಯನ್ನೂ ಇವನು ಅವಳಿಗೆ ಹೇಳಿರಲಿಲ್ಲ. ನೀರು ಒಯ್ಯುವವನು ಬರುತ್ತಿದ್ದುದು ಬುಧವಾರ ಬೆಳಿಗ್ಗೆ, ಅವಳು ಶಾಲೆಯ ಅಡುಗೆ ಕೆಲಸಕ್ಕೆ ಹೋದಮೇಲೆ. ಪರೀಕ್ಷೆ ಯಾಕೆ ಬೇಕಿತ್ತು, ನಾಲಿಗೆಯೇ ಹೇಳುತ್ತಿತ್ತು. ಸ್ಥಾವರ ಮುಚ್ಚಿದ ವರ್ಷ ನೋರೀನ್‌ಳ ತಮ್ಮ ಬಂದು ಅಡುಗೆಮನೆಯ ಕೊಳವೆ ಬದಲಿಸಿ ಹೋದಮೇಲೆ ನೀರಿನ ತುಕ್ಕುವಾಸನೆಯೇ ಮಾಯವಾಗಿತ್ತು.

ನೋರೀನ್ ಸೊಂಟ ಹಿಡಿದುಕೊಂಡು ನೆಲಮಾಳಿಗೆಯಿಂದ ಹತ್ತಿ ಬರುತ್ತಿದ್ದಳು. ಅವಳ ಬೀನ್ಸ್ ಉಪ್ಪಿನಕಾಯಿಯ ಸೀಸೆಗಳೆಲ್ಲ ಅಲ್ಲೇ. ಮಂಡಿನೋವಿನ ವರ್ಲಿನ್ ಆ ಮೆಟ್ಟಿಲು ತುಳಿದು ಯಾವ ಕಾಲವಾಯಿತೋ.

"ಓದು," ಎಂದ.

ಅವಳು ಎರಡು ಸಲ ಓದಿದಳು. ಕುರ್ಚಿ ಎಳೆದುಕೊಂಡು ಕೂತಳು.

"ನೀರು ಎಲ್ಲಿಂದ ಹಿಡಿದ್ರು?"

"ಇನ್ನೆಲ್ಲಿಂದ? ಇದೇ ನಲ್ಲಿಯಿಂದ. ನಾನು ಕುಡಿಯೋದು ಇದನ್ನೇ ಅಲ್ವಾ?"

"ಸಹಿ ಆಗೋಯ್ತಾ?"

"ಆಯ್ತು. ನಾಳೆಯಿಂದ ಮಣ್ಣಿನ ಲಾರಿ. ಈಗೇನಂತೀಯ?"

ನೋರೀನ್ ಕಿಟಕಿಯಾಚೆ ಒಪಲ್‌ಳ ಮನೆಯ ಕಡೆ ನೋಡಿದಳು. ಅವಳಿಗೆ ಅಳು ಬಂತು.

"ಶಾಲೆಯಿಂದ ದಿನಾ ನಾಲ್ಕು ಡಬ್ಬಿ ನೀರು ಹೊತ್ತು ತಂದು ಕೆಳಗೆ ನನ್ನ ತಮ್ಮ ಪಂಪು ಹಾಕಿ ಕೂರಿಸಿದ ತೊಟ್ಟಿಗೆ ಸುರೀತಿದೀನಿ, ವರ್ಲಿನ್, ಈ ನಲ್ಲಿಗೆ ಬಾವಿ ನೀರು ಬಂದು ನಾಲ್ಕು ವರ್ಷ ಆಯ್ತು."