ಬಡಗಿಯ ಮೊಣಕಾಲು

ಹೇಳಿಬಿಡಲೇ? ಈಗ ಹೇಳಿದರೆ ನಗುವಿನಲ್ಲೇ ಮುಗಿದೀತು. ನಾಳೆ ಹೇಳಿದರೆ ಜಗಳ. ಅವಳಿಗೇ ಎಲ್ಲಿಂದಲೋ ಗೊತ್ತಾದರೆ? ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಹೆಂಡತಿಯ ಎದುರು ಕೂತು ಅವನು ಚಹಾದ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದ. ಅವಳ ಪಾಳಿ ಮುಗಿದಿತ್ತು, ಅವನದು ಇನ್ನೇನು ಶುರುವಾಗಬೇಕು. ಇಬ್ಬರೂ ನರ್ಸ್‌ಗಳು, ಒಂದೇ ಕಾಲೇಜು, ಒಂದೇ ಬ್ಯಾಚು. ವಾರ್ಡಿನಲ್ಲಿ ರೋಗಿಯನ್ನು ಒಪ್ಪಿಸುವ ಹಾಗೆ, ಈ ನಡುವಿನ ಹೊತ್ತಿನಲ್ಲಿ ಅವರು ಮಗಳನ್ನು ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದರು.

"ಅರ್ಧ ಊಟ ಮಾಡಿದಾಳೆ. ಜ್ವರ ಇಲ್ಲ. ಹಠ ಜಾಸ್ತಿ. ಈಗ ಶಿಶುವಿಹಾರದಲ್ಲಿ ಮಲಗಿದಾಳೆ," ಎಂದ ಅವನು.

"ಹಠಕ್ಕೆ ಮದ್ದು ಕೊಟ್ಯಾ?"

"ಅದು ತಾಯಿ ಕಡೆಯಿಂದ ಬಂದ ಕಾಯಿಲೆ, ಮದ್ದಿಲ್ಲ."

ಅವಳು ನಕ್ಕಳು. "ಇನ್ನೆರಡು ವರ್ಷ ತಡಿ, ಮದ್ದು ನೀನೇ ಬರೀತೀಯ." ಅಂದು ಬೆಳಿಗ್ಗೆಯಷ್ಟೇ ಅವನಿಗೆ ಸೀಟು ಸಿಕ್ಕ ಸುದ್ದಿ ಬಂದಿತ್ತು: ಐಸಿಯು ವಿಭಾಗದ ನರ್ಸ್ ಪ್ರಾಕ್ಟಿಷನರ್, ಸ್ನಾತಕೋತ್ತರ ಪದವಿ. ಓದಿ ಮುಗಿಸಿದರೆ ರೋಗಿಯನ್ನು ತಾನೇ ಪರೀಕ್ಷಿಸಿ ಔಷಧ ಬರೆಯಬಹುದು. "ಅದಿರ್ಲಿ, ಸಂದರ್ಶನದಲ್ಲಿ ಏನ್ ಕೇಳಿದ್ರು? ಇವತ್ತಾದ್ರೂ ಬಾಯಿ ಬಿಡೋ ಮಹರಾಯ."

"ನೀವಾಗಿ ಪತ್ತೆ ಮಾಡಿದ ಒಂದು ಕೇಸ್ ಹೇಳಿ ಅಂದ್ರು. ಏನೋ ಒಂದು ಹೇಳ್ದೆ."

"ಅಷ್ಟೇನಾ? ಹಾಗಾದ್ರೆ ಮುಂದಿನ ವರ್ಷ ನನ್ನ ಸೀಟೂ ಗಟ್ಟಿ ಕಣೋ. ನನ್ನ ಬಡಗಿ ತಾತ ಇದಾನಲ್ಲ!"

ಬಡಗಿ ತಾತ ಅವಳ ವಾರ್ಡಿನಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿ ಮಲಗಿದ್ದವನು. ಮಾನಿಟರಿನಲ್ಲಿ ಎಲ್ಲವೂ ಸರಿಯಿತ್ತು. ಮಂಚದ ಕೀಲು ಸಡಿಲ ಎಂದು ದಿನವೂ ಗೊಣಗುತ್ತಿದ್ದವನು ಅಂದು ಗೊಣಗಲಿಲ್ಲ. ಅನುಮಾನಗೊಂಡು ಅವಳು ಹೊದಿಕೆ ಎತ್ತಿ ನೋಡಿದರೆ ಮೊಣಕಾಲ ಮೇಲೆ ಬಲೆ ಹರಡಿದಂತೆ ನೀಲಿ ಕಲೆ. "ಮಾನಿಟರ್ ನೋಡಮ್ಮ, ಮೊಣಕಾಲಲ್ಲ" ಎಂದು ವೈದ್ಯರು ರೇಗಿದರೂ ಬಿಡದೆ ಅವರನ್ನು ತಾತನ ಮಂಚದ ಬಳಿ ಕರೆತಂದಿದ್ದಳು. ರಕ್ತಕ್ಕೆ ನಂಜು ಏರುತ್ತಿತ್ತು; ಆ ಕಲೆಯೇ ಅದರ ಮೊದಲ ಗುರುತು. ತಾತ ಬದುಕಿದ.

ಸಂದರ್ಶನದಲ್ಲಿ ಅವನಿಗೆ ತನ್ನದೆನ್ನುವ ಕೇಸು ಒಂದೂ ಹೊಳೆಯಲಿಲ್ಲ. ಬಾಯಿ ತೆರೆದಾಗ ಬಂದದ್ದು ಈ ಬಡಗಿ. ವೈದ್ಯರು "ಅಮ್ಮ" ಎಂದಿದ್ದ ಕಡೆ "ಅಪ್ಪ" ಎಂದದ್ದಷ್ಟೇ ಅವನ ಸ್ವಂತದ್ದು. ಸಮಿತಿಯ ಹಿರಿಯರು ಕನ್ನಡಕ ತೆಗೆದು, "ಇಂಥ ಕಣ್ಣು ಬೇಕು ನಮಗೆ" ಅಂದಿದ್ದರು. ಮುಂದಿನ ವರ್ಷವೂ ಅಲ್ಲಿ ಕೂರುವವರು, ಅದೇ ಬಡಗಿಯ ಕಥೆಯನ್ನು ಅವಳ ಬಾಯಲ್ಲಿ ಕೇಳುವವರು, ಅವರೇ.

"ನಿನಗ್ಯಾಕೆ ಆ ಪಾಡು?" ಅವನ ದನಿ ಅವನೇ ಅಂದುಕೊಂಡದ್ದಕ್ಕಿಂತ ಮೃದುವಾಗಿತ್ತು. "ಹಗಲೂ ರಾತ್ರಿ ಅಲ್ಲೇ ಬಿದ್ದಿರಬೇಕು. ಮನೆಯಿಂದ್ಲೇ ಓದೋ ಕೋರ್ಸ್ ಇದೆಯಲ್ಲ, ಫ್ಯಾಮಿಲಿ ಕ್ಲಿನಿಕ್‌ದು. ಸಂದರ್ಶನದ ರಗಳೆಯೂ ಇಲ್ಲ."

"ನೆಗಡಿ, ಕೆಮ್ಮು, ಲಸಿಕೆ." ಅವಳು ಅವನನ್ನೇ ನೋಡಿದಳು. "ನಂಗೆ ಐಸಿಯು ಅಂದ್ರೆ ಜೀವ ಅಂತ ಗೊತ್ತಲ್ವಾ ನಿನಗೆ?"

"ಗೊತ್ತು. ನಿನ್ನ ಸೊಂಟನೋವೂ ಗೊತ್ತು."

ಅವಳು ಮೇಜಿನ ಮೇಲೆ ಉದುರಿದ್ದ ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಒಂದೆಡೆ ಗುಡ್ಡೆ ಮಾಡಿದಳು, ಮತ್ತೆ ಕೆದರಿದಳು. ಒಂದು ಮಾತು ಹೇಳಲು ಬೇಕಾದಷ್ಟು ಜಾಗ ಆ ಮೌನದಲ್ಲಿತ್ತು. ಅವನು ಅದು ಮುಗಿಯುವವರೆಗೂ ಕಾದ.

"ಸರಿ. ಅಲ್ಲಿ ಹೋಗಿ ಕೂತು ಬಂದವನು ನೀನು," ಎಂದಳು ಕೊನೆಗೆ. "ನಿನಗೇ ಹೆಚ್ಚು ಗೊತ್ತು."

ತಟ್ಟೆ ಹಿಡಿದು ಹೋಗುತ್ತಿದ್ದ ಹೆಡ್ ಸಿಸ್ಟರ್ ಅವರ ಮೇಜಿನ ಬಳಿ ನಿಂತರು. "ಏನಮ್ಮ, ಸಾಹೇಬರು ಹೊರಟರು. ನಿನ್ನ ಸವಾರಿ ಯಾವಾಗ ಐಸಿಯುಗೆ?"

"ಇಲ್ಲ ಸಿಸ್ಟರ್, ನಾನು ಮನೆಯಿಂದ್ಲೇ ಓದ್ತೀನಿ. ನನ್ನ ಸೊಂಟದ ಮೇಲೆ ಇವನಿಗೆ ನನಗಿಂತ ಹೆಚ್ಚು ಕಾಳಜಿ."

"ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು ಕಣಮ್ಮ," ಎಂದು ಸಿಸ್ಟರ್ ಅವನ ಬೆನ್ನು ತಟ್ಟಿದರು. ಹೆಂಡತಿ ನಕ್ಕಳು, ಆ ನಗುವಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಡ್ಯೂಟಿಗೆ ಹೊತ್ತಾಯಿತು ಎಂದು ಅವನು ಎದ್ದ. ಆ ಕಾಳಜಿ ಅವಳ ಮೇಲಿನದಲ್ಲ, ತನ್ನ ಮೇಲಿನದು ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.