ಮೆಟ್ಟಿಲ ಮೇಲಿನ ನಾಗರಿಕತೆ

ಈ ಮುದುಕನಿಗೆ ಮರೆವು ಎಂದು ನನ್ನನ್ನು ನೋಡಿ ನಗುವವರು ಮೊದಲು ಬಾಯಿ ಮುಚ್ಚಿಕೊಳ್ಳಿ. ನಮ್ಮೂರ ಶಾಲೆಯ ಮೇಷ್ಟ್ರು ತಲೆ ತಗ್ಗಿಸಿದ ಆ ಗುರುವಾರ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮಾದರಿ ಪಾಠ ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಬಂದಿದ್ದರು. ಅವರು ಮೆಚ್ಚಿದರೆ ಮೇಷ್ಟ್ರ ಹೆಸರು ಜಿಲ್ಲಾ ಪ್ರಶಸ್ತಿಗೆ ಹೋಗುತ್ತಿತ್ತು. ಅವತ್ತಿನ ಪಾಠ ಪ್ರಾಚೀನ ನಾಗರಿಕತೆಗಳು. ‘ಸಾಮಾಜಿಕ ಶ್ರೇಣಿ’ ಎಂಬ ಪದ ಬಾಯಿಪಾಠವಾದರೆ ಸಾಲದು, ಕಣ್ಣಿಗೆ ಕಾಣಬೇಕು ಎಂದು ಮೇಷ್ಟ್ರು ತರಗತಿಯನ್ನೆಲ್ಲ ಶಾಲೆಯ ಮೆಟ್ಟಿಲ ಮೇಲೆ ನಿಲ್ಲಿಸಿದರು. ತುದಿಯಲ್ಲಿ ರಾಜ, ಅವನ ಕೆಳಗೆ ಪುರೋಹಿತರು, ಆಮೇಲೆ ಕುಶಲಕರ್ಮಿಗಳು, ಕೊನೆಗೆ ಬರೀ ನೆಲದ ಮೇಲೆ ಐದು ಜನ ಗುಲಾಮರು.

“ಏಯ್, ದೂರ ನಿಂತ್ಕಳ್ರೋ!” ಎಂದು ಪುರೋಹಿತನೊಬ್ಬ ಗದರಿದ. ಮಕ್ಕಳೆಲ್ಲ ನಕ್ಕರು. ಮೇಷ್ಟ್ರೂ ನಕ್ಕರು.

ಸಾಹೇಬರು ಮಾತ್ರ ನಗಲಿಲ್ಲ. “ಯಾರು ಎಲ್ಲಿ ನಿಲ್ಬೇಕು ಅಂತ ಹೆಂಗೆ ಆರಿಸಿದ್ರಿ ಮೇಷ್ಟ್ರೇ?”

“ಕೈಗೆ ಸಿಕ್ಕೋರ್ನ ಸಿಕ್ಕಲ್ಲಿ ನಿಲ್ಲಿಸ್ದೆ ಸಾರ್. ಈ ಕ್ಲಾಸಲ್ಲಿ ನಾನು ಯಾರ ಜಾತೀನೂ ನೋಡಿದೋನಲ್ಲ.”

ಹೇಳಿದ ಮೇಲೆ ಮೇಷ್ಟ್ರು ಮತ್ತೊಮ್ಮೆ ಮಕ್ಕಳ ಕಡೆ ನೋಡಿದರು. ಯಾಕೋ ಕಿವಿ ಬಿಸಿಯಾಯಿತು. “ಸಾಕು, ಸಾಕು, ಒಳಗೆ ನಡೀರಿ” ಎಂದು ಅವಸರ ಮಾಡಿದರು.

ಅಷ್ಟರಲ್ಲಿ ಗುಲಾಮರ ಸಾಲಿನಿಂದ ದುರುಗಮ್ಮ ಕೈ ಎತ್ತಿದಳು. ಪಾಪ, ಅವಳ ಮುಖದಲ್ಲಿ ಬರೀ ಬೆರಗಿತ್ತು. ಅವಳು ಕೇಳಿದ್ದನ್ನು ಒಂದಕ್ಷರ ಬಿಡದೆ ನಿಮ್ಮ ಮನೆಯವರಿಗೂ ದಾಟಿಸಿ:

“ಸಾ, ಊರಾಚೆ ಕೇರಿಯೋರು ಇಡೀ ಕ್ಲಾಸಿಗೆ ನಾವು ಐದೇ ಜನ. ನೋಡ್ದಲೇನೇ ಐದೂ ಜನಾನ ಹೆಂಗೆ ಹುಡುಕಿದ್ರಿ?”